ಬೇಲಿಯಾಚೆಗೆ ಹೋದ ಬಟ್ಟಲು

ಬೆರಕೆ ಸೊಪ್ಪು ಕೀಳುವುದಕ್ಕೆ ಕಣ್ಣಿಗಿಂತ ಬೆರಳು ಮುಖ್ಯ ಎಂದು ಹೊಂಬಾಳಮ್ಮ ನಂಬಿದ್ದಳು. ಅಣ್ಣೆ ಸೊಪ್ಪು ಬೆರಳಿಗೆ ನುಣ್ಣಗೆ ಸಿಗುತ್ತದೆ. ಹೊನಗೊನ್ನೆಯ ಕಾಂಡ ಗೆಣ್ಣುಗೆಣ್ಣಾಗಿ ತಾಗುತ್ತದೆ. ಗಣಿಕೆಯ ಎಲೆ ತೆಳು, ಹೊಸಕಿದರೆ ಅದರದೇ ಒಂದು ವಾಸನೆ. ಯಾರೂ ಬಿತ್ತದೆ ಬದುವಿನ ಮೇಲೆ ತಾನಾಗಿ ಬೆಳೆದ ಐದಾರು ಬಗೆಯನ್ನು ಒಂದೊಂದು ಹಿಡಿ ಮಡಿಲಿಗೆ ಹಾಕಿಕೊಂಡರೆ ಒಂದು ಹೊತ್ತಿನ ಬಸ್ಸಾರಿಗೆ ಸಾಕು. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ, ಅಂದರೆ ನಲವತ್ತೈದು ವರ್ಷದಿಂದ, ಅವಳು ಹೀಗೆ ಕಿತ್ತಿದ್ದಾಳೆ. ಒಮ್ಮೆಯೂ ತಪ್ಪಿರಲಿಲ್ಲ.

ಆ ಮಂಗಳವಾರ ಎರಡು ಸಂಗತಿ ಬೇರೆಯಾಗಿದ್ದವು. ಬಲಗಣ್ಣಿನ ಪೊರೆ ಬಲಿತಿತ್ತು. ಕಣ್ಣಿನ ಶಿಬಿರದಲ್ಲಿ ಹೆಸರು ಬರೆಸಿ ಬಂದು ಎರಡು ತಿಂಗಳಾಗಿತ್ತು, ಆಪರೇಷನ್ ದಿನ ಇನ್ನೂ ಗೊತ್ತಾಗಿರಲಿಲ್ಲ. ಜೊತೆಗೆ ಭಾನುವಾರದಿಂದ ನೆಗಡಿ ಹಿಡಿದು ಮೂಗು ಕಟ್ಟಿತ್ತು. ಆತಗೂರಿನಿಂದ ಎರಡು ಮೈಲಿ ದೂರದ ಅವರ ಹೊಲದಲ್ಲಿ, ಹದಿನೈದು ದಿನದ ಮಳೆಗೆ ಬದುವೆಲ್ಲ ಹಸಿರಾಗಿತ್ತು. ಗಣಿಕೆಯ ಪಕ್ಕದಲ್ಲೇ ಉಮ್ಮತ್ತಿಯ ಎಳೆ ಗಿಡಗಳೂ ಎದ್ದಿದ್ದವು. ಬಿಳಿಯ ಉದ್ದ ಹೂ, ಮುಳ್ಳಿನ ಕಾಯಿ ಬಂದ ಮೇಲೆ ಉಮ್ಮತ್ತಿಯನ್ನು ಮಕ್ಕಳೂ ಗುರುತಿಸುತ್ತಾರೆ. ಅದಕ್ಕೆ ಮುಂಚೆ, ಗೇಣುದ್ದ ಇರುವಾಗ, ಅದೂ ಗಣಿಕೆಯೂ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತವೆ. ಹೊಸಕಿದಾಗ ಏಳುವ ಕೆಟ್ಟ ನಾತವೊಂದೇ ಎಚ್ಚರಿಕೆ. ಆ ನಾತ ಅಂದು ಅವಳ ಮೂಗಿಗೆ ಹತ್ತಲಿಲ್ಲ.

ಮನೆಯಲ್ಲಿ ಯಾರೂ ಇರಲಿಲ್ಲ. ಮಗ ಮಹದೇವು ಟ್ರ್ಯಾಕ್ಟರ್ ತೆಗೆದುಕೊಂಡು ಕಬ್ಬು ತುಂಬಲು ಹೋಗಿದ್ದ. ಸೊಸೆ ಸೌಮ್ಯ ಮದ್ದೂರಿನ ಗಾರ್ಮೆಂಟ್ಸ್‌ಗೆ ಹೋದರೆ ಮತ್ತೆ ಬರುವುದು ಸಂಜೆ ಆರೂವರೆಗೆ. ಹೊಂಬಾಳಮ್ಮ ಸೊಪ್ಪನ್ನೂ ಅವರೆಕಾಳನ್ನೂ ಬೇಯಿಸಿ, ಬಸಿದು, ಖಾರ ರುಬ್ಬಿ ಹಾಕಿ ಸಾರು ಕುದಿಸಿದಳು. ಒಗ್ಗರಣೆ ಕೊಟ್ಟದ್ದು ಅವಳಿಗೆ ನೆನಪಿದೆ. ಮುದ್ದೆ ತೊಳಸಿದ್ದು ನೆನಪಿದೆ. ಉಂಡದ್ದೂ ನೆನಪಿದೆ. ಆದರೆ ಅವುಗಳ ನಡುವೆ ಏನು ಮೊದಲು, ಏನು ಆಮೇಲೆ ಎಂಬುದು ಮಾತ್ರ ಕಲಸಿಹೋಗಿತ್ತು.

ಮೊದಲು ಬಾಯಿ ಒಣಗಿತು. ಒಂದು ಚೊಂಬು ನೀರು ಕುಡಿದಳು, ನಾಲಗೆ ಹಲಗೆಯ ತುಂಡಿನಂತೆಯೇ ಉಳಿಯಿತು. ಅಂಗಳದ ಬಿಸಿಲು ಕಣ್ಣಿಗೆ ಚುಚ್ಚತೊಡಗಿತು. ಜಗಲಿಯ ಮೇಲೆ ಕೂತು, ಎಲೆ ಬಿಡಿಸಿ, ತೊಟ್ಟು ಮುರಿದು, ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಚಿ ಬಾಯಿಗಿಟ್ಟಳು. ಅಗಿದಳು. ಉಗಿಯಲು ಎದ್ದಾಗ ಬಾಯಲ್ಲಿ ಏನೂ ಇರಲಿಲ್ಲ. ಕೈಯಲ್ಲಿ ಎಲೆ ಇರಲಿಲ್ಲ. ಎಲೆ ಅಡಿಕೆಯ ತಟ್ಟೆ ಮನೆಯೊಳಗೆ ಗೂಡಿನಲ್ಲಿತ್ತು, ಅವಳು ಅದನ್ನು ಮುಟ್ಟಿಯೇ ಇರಲಿಲ್ಲ.

ಹೆದರಿಕೆ ಹುಟ್ಟಬೇಕಾದದ್ದು ಅಲ್ಲಿ. ಆದರೆ ಅವಳಿಗೆ ಹೆದರಿಕೆಯಾಗಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಗೋಡೆಯ ಮೇಲೆ ಇರುವೆ ಹತ್ತಿದ್ದವು. ಸಾಲುಸಾಲಾಗಿ, ಸುಣ್ಣದ ಗೋಡೆ ಕಪ್ಪಾಗುವಷ್ಟು. ಪೊರಕೆಯಿಂದ ಗುಡಿಸಿದಳು. ಬೆರಳ ತುದಿಯಿಂದ ದಾರ ಬಂತು. ಎಳೆದಷ್ಟೂ ಬಂತು. ದಾರವನ್ನು ಉಂಡೆ ಸುತ್ತುತ್ತ ಕೂತಾಗ, ತೀರಿಹೋಗಿ ಹನ್ನೊಂದು ವರ್ಷವಾದ ಗಂಡ ತಿಮ್ಮಯ್ಯ ಒಳಗಿನಿಂದ ಬಂದು, ಟವಲಿನಿಂದ ಮುಖ ಒರೆಸಿಕೊಂಡು, "ಸಾರೇನು ಮಾಡಿದ್ದೀಯಮ್ಮಿ?" ಎಂದು ಕೇಳಿದ. "ಬೆರಕೆ ಸೊಪ್ಪು," ಎಂದಳು. ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಆಶ್ಚರ್ಯವಿಲ್ಲದಿರುವುದೇ ಆ ಮಧ್ಯಾಹ್ನದ ಗುಣವಾಗಿತ್ತು.

ಆಮೇಲೆ ಬೇಲಿಯಾಚೆಯ ಮುದ್ದಮ್ಮ ಬಂದಳು.

ಅಡುಗೆಮನೆಯಲ್ಲಿ, ಒಲೆಯ ಪಕ್ಕ, ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದಳು. ತೊಡೆಯ ಮೇಲೆ ನೀಲಿ ಬ್ಯಾಗು. "ಬಟ್ಲೆಲ್ಲಿ, ಒಂಬಾಳಮ್ಮ?" ಎಂದಳು. ಇನ್ನೊಮ್ಮೆ ಅಂಗಳದಲ್ಲಿ ಕಂಡಳು. ಆಕಾಶದಲ್ಲಿ ಮೋಡದ ಚೂರಿರಲಿಲ್ಲ, ಅವಳು ನೆತ್ತಿಯಿಂದ ಕಾಲಿನವರೆಗೆ ಒದ್ದೆಯಾಗಿದ್ದಳು. ನೀಲಿ ಬ್ಯಾಗಿನಿಂದ ನೀರು ಸೋರುತ್ತಿತ್ತು. ಆ ಸಲ ಏನೂ ಮಾತಾಡಲಿಲ್ಲ.

ಆರೂವರೆಗೆ ವ್ಯಾನಿಳಿದು ಬಂದ ಸೌಮ್ಯ ಕಂಡದ್ದು, ಅಂಗಳದ ನಡುವೆ ಕೂತು ಗಾಳಿಯಿಂದ ಏನನ್ನೋ ಬಿಡಿಸಿ ಬಿಡಿಸಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದ ಅತ್ತೆಯನ್ನು. ಮೈ ಸುಡುತ್ತಿತ್ತು. ಕಣ್ಣಿನ ಪಾಪೆ ಕಾಸಿನಗಲ ಆಗಿತ್ತು.

*

ಗುರುವಾರ ಬೆಳಗಾಗುವ ಹೊತ್ತಿಗೆ ಹೊಂಬಾಳಮ್ಮ ತಾನು ಮದ್ದೂರಿನ ಆಸ್ಪತ್ರೆಯಲ್ಲಿದ್ದೇನೆಂದು ತಿಳಿದಳು. ಡ್ರಿಪ್ಪಿನ ಸೂಜಿ ಕೀಳದಿರಲೆಂದು ಸೀರೆಯ ಪಟ್ಟಿಯಿಂದ ಕಟ್ಟಿದ್ದ ಕೈಯನ್ನು ಬಿಚ್ಚಿದ್ದರು. ಕಿಟಕಿಯಾಚೆ ಬಸ್ಸುಗಳ ಹಾರನ್ ಕೇಳಿಸುತ್ತಿತ್ತು. ಗೋಡೆ ಬೆಳ್ಳಗಿತ್ತು, ಇರುವೆ ಇರಲಿಲ್ಲ. ಮಂಚದ ಕಾಲದೆಸೆಯಲ್ಲಿ ಮಾತ್ರ ಮುದ್ದಮ್ಮ ಕೂತಿದ್ದಳು. ಬುಧವಾರವೆಲ್ಲ ಅಲ್ಲೇ ಕೂತಿದ್ದಳು. ಈಗ ತುಸು ಮಸುಕಾಗಿದ್ದಳು, ಅವಳ ಹಿಂದಿನ ಮಂಚದ ಸರಳುಗಳು ಕಾಣುತ್ತಿದ್ದವು.

"ಓಗೇ, ಎದ್ದೋಗೇ ಇಲ್ಲಿಂದ," ಎಂದು ಹೊಂಬಾಳಮ್ಮ ಗೊಣಗಿದಳು.

"ಯಾರವ್ವ?" ಎಂದ ಸ್ಟೂಲಿನ ಮೇಲೆ ತೂಕಡಿಸುತ್ತಿದ್ದ ಮಹದೇವು.

"ಯಾರೂ ಇಲ್ಲ ಬುಡು."

ಎಂಟು ಗಂಟೆಗೆ ಬಂದ ಡಾಕ್ಟರು ನಡುವಯಸ್ಸಿನ ಹೆಂಗಸು. ಕಣ್ಣಿಗೆ ಟಾರ್ಚು ಬಿಟ್ಟು ನೋಡಿ, ನಾಡಿ ಎಣಿಸಿ, ಕೇಸ್ ಶೀಟಿನಲ್ಲಿ ಬರೆದರು. "ಉಮ್ಮತ್ತಿ ಅಜ್ಜಿ. ನಿಮ್ಮ ಸೊಸೆ ಮಿಕ್ಕ ಸೊಪ್ಪು ತಂದು ತೋರಿಸಿದರು, ಅದರಲ್ಲಿ ನಾಲ್ಕು ಎಲೆ ನಾನೇ ಹೆಕ್ಕಿದೆ. ದೇವರು ದೊಡ್ಡವನು, ಬೇಗ ಕರೆದುಕೊಂಡು ಬಂದರು." ಮಹದೇವುವಿನ ಕಡೆ ತಿರುಗಿ ಕೇಳಿದರು, "ಆ ಸಾರನ್ನು ಬೇರೆ ಯಾರೂ ಉಂಡಿಲ್ಲ ತಾನೇ?"

"ಇಲ್ಲ ಮೇಡಂ. ನಮ್ಮನೇಲಿ ಯಾರೂ ಉಂಡಿಲ್ಲ. ಮಿಕ್ಕಿದ್ದ ತಿಪ್ಪೆಗೆ ಸುರಿದು ಮಣ್ಣು ಮುಚ್ಚಿವ್ನಿ."

ನಮ್ಮನೇಲಿ ಎಂಬ ಮಾತು ಹೊಂಬಾಳಮ್ಮನ ಎದೆಯಲ್ಲಿ ಎಲ್ಲೋ ಸಿಕ್ಕಿಕೊಂಡಿತು.

"ಡಾಕ್ಟ್ರಮ್ಮ," ಎಂದಳು. "ಕಂಡಿದ್ರಲ್ಲಿ ಯಾವ್ದು ದಿಟ, ಯಾವ್ದು ಸುಳ್ಳು ಅಂತ ಎಂಗೆ ತಿಳ್ಕಳಾದು?"

"ತಿಳಿಯೋದಿಲ್ಲ. ಈ ವಿಷದ ಮೋಸವೇ ಅದು. ಕನಸಾದರೆ ಎದ್ದ ಮೇಲೆ ಕನಸು ಅಂತ ಗೊತ್ತಾಗುತ್ತೆ. ಇದು ನಾನು ನಿಮ್ಮೆದುರು ನಿಂತಿರೋ ಹಾಗೇ ಇರುತ್ತೆ. ಅದಕ್ಕೇ ಮಂಗಳವಾರದ್ದು ಯಾವುದನ್ನೂ ತಲೆಗೆ ಹಚ್ಚಿಕೊಳ್ಳಬೇಡಿ. ಮರೆತುಬಿಡಿ."

ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು. ಹೊಂಬಾಳಮ್ಮನಿಗೂ ಅದು ಬೇಕಾಗಿತ್ತು. ಡಾಕ್ಟರು ಮುಂದಿನ ಮಂಚಕ್ಕೆ ಹೋದ ಮೇಲೆ ಅವಳು ಕಣ್ಣು ಮುಚ್ಚಿ ಮರೆಯಲು ನೋಡಿದಳು. ಆದರೆ ಮುದ್ದಮ್ಮ ಎರಡು ಸಲವಲ್ಲ, ಮೂರು ಸಲ ಬಂದಿದ್ದಳು. ಅಡುಗೆಮನೆಯಲ್ಲಿ ಒಮ್ಮೆ, ಅಂಗಳದಲ್ಲಿ ಒಮ್ಮೆ. ಇನ್ನೊಂದು, ಹಿತ್ತಲ ಬೇಲಿಯ ಹತ್ತಿರ.

ಮುದ್ದಮ್ಮನದು ಆಚೆ ಕೇರಿ. ಇವರ ಹಿತ್ತಲಿಗೂ ಅವರ ಜಮೀನಿಗೂ ನಡುವೆ ಒಂದು ಕಳ್ಳಿ ಬೇಲಿ, ಬೇಲಿಯ ಬುಡದಲ್ಲಿ ಹೊಂಗೆ ಮರ, ಮರದ ಕೆಳಗೆ ಒಂದು ಚಪ್ಪಡಿ ಕಲ್ಲು. ಮೂವತ್ತು ವರ್ಷ ಇಬ್ಬರೂ ಒಂದೇ ಸಾಲಿನಲ್ಲಿ ಕಳೆ ಕಿತ್ತವರು, ನಾಟಿ ಹಾಕಿದವರು. ಬೆರಕೆ ಸೊಪ್ಪಿನ ಸಾರು ಮಾಡಿದ ದಿನ ಹೊಂಬಾಳಮ್ಮ ಒಂದು ಬಟ್ಟಲು ಸಾರನ್ನು ಬೇಲಿಯಾಚೆಗೆ ಕೊಡುತ್ತಿದ್ದಳು. ಕೊಟ್ಟ ಬಟ್ಟಲು ಬರಿದಾಗಿ ಬರಬಾರದು ಎಂಬುದು ಎಲ್ಲ ಮನೆಯ ರೀತಿ. ಮುದ್ದಮ್ಮ ಅದನ್ನು ತೊಳೆದು, ಒಂದು ಉಂಡೆ ಬೆಲ್ಲ ಹಾಕಿ, ಚಪ್ಪಡಿ ಕಲ್ಲಿನ ಮೇಲಿಟ್ಟು ಹೋಗುತ್ತಿದ್ದಳು. ಬಟ್ಟಲಿನ ಅಂಚಿನಲ್ಲಿ ಮದ್ದೂರಿನ ಪಾತ್ರೆ ಅಂಗಡಿಯವನು ಚುಕ್ಕಿಚುಕ್ಕಿಯಾಗಿ ಕೊರೆದ 'ಹೊಂ. ತಿ.' ಎಂಬ ಅಕ್ಷರಗಳಿದ್ದವು.

ಆ ಬಟ್ಟಲು ಒಮ್ಮೆಯೂ ಅಡುಗೆಮನೆಯ ಹೊಸ್ತಿಲು ದಾಟಿರಲಿಲ್ಲ. ಅದರ ಜಾಗ ಕೊಟ್ಟಿಗೆಯ ತೊಲೆಯ ಮೇಲೆ. ಹಾಗೆ ಇಡು ಎಂದು ಯಾರೂ ಹೇಳಿರಲಿಲ್ಲ. ಇಟ್ಟವಳು ಅವಳೇ. ಅತ್ತೆಗೆ ಗೊತ್ತಾದೀತೆಂದು ಮೊದಲು, ಗಂಡನಿಗೆ ಗೊತ್ತಾದೀತೆಂದು ಆಮೇಲೆ, ಈಗ ಅಭ್ಯಾಸಕ್ಕೆ. ಬೆಲ್ಲವನ್ನು ಕೊಟ್ಟಿಗೆಯಲ್ಲೇ ಹಸುವಿನ ಪಕ್ಕ ನಿಂತು ತಿನ್ನುತ್ತಿದ್ದಳು. ಮುದ್ದಮ್ಮ ಒಮ್ಮೆಯೂ ಬಟ್ಟಲು ಎಲ್ಲಿಡುತ್ತೀಯೆಂದು ಕೇಳಿರಲಿಲ್ಲ. ಕೇಳದ ಮಾತ್ರಕ್ಕೆ ಗೊತ್ತಿರಲಿಲ್ಲವೆಂದೇನೂ ಅಲ್ಲ.

ಬೇಲಿಯ ಹತ್ತಿರದ ಮಾತುಗಳು ಅವಳಿಗೆ ಒಂದೊಂದೂ ನೆನಪಿದ್ದವು.

"ಎಲ್ಲಿಗಮ್ಮಿ ಒಂಟಿದ್ದೀಯೆ, ಒಸ ಸೀರೆ ಸುತ್ಕಂಡು?"

"ಬೆಳಕವಾಡಿಗೆ ಕಣಮ್ಮ. ಅರುಂಧತಿ ನೋಡಂಗಾಗದೆ."

"ಬತ್ತೀನಿ ಅಂತ ಏಳಿದ್ದೀಯೇನೆ ಮಗಳಿಗೆ?"

"ಮಗಳ ಮನೆಗೆ ಓಗಕ್ಕೆ ಅರ್ಜಿ ಆಕಬೇಕಾ? ಓಗಿ ನಿಂತ್ಕಂಡ್ರೆ ಬಾಗಿಲು ತೆಗೀತಾಳೆ."

"ತಗಾ, ಬೆರಕೆ ಸೊಪ್ಪಿನ ಸಾರು. ಬಿಸಿ ಅದೆ, ಕೈ ಸುಟ್ಕಂಡೀಯಾ."

"ಕೊಡು ಕೊಡು. ಮುದ್ದೆ ಕಟ್ಕಂಡಿವ್ನಿ. ಡಬ್ಬಿಗುಯ್ಕಂಡು ಓಗಿ, ಮಳವಳ್ಳಿ ಬಸ್‌ಸ್ಟ್ಯಾಂಡಲ್ಲಿ ಕುಂತು ಉಂಡ್ಬುಟ್ಟು ಬೆಳಕವಾಡಿ ಬಸ್ ಅತ್ತೀನಿ. ಓಟ್ಲು ಸಾರು ಉಂಡ್ರೆ ನಂಗೆ ವಾಂತಿ ಬತ್ತದೆ, ನಿನ್ ಕೈ ಸಾರೇ ಸರಿ."

ಇದು ಉಣ್ಣುವ ಮುಂಚೆ ನಡೆದದ್ದಾದರೆ ದಿಟ. ಉಂಡ ಮೇಲಿನದಾದರೆ ಒದ್ದೆ ಸೀರೆಯ ಮುದ್ದಮ್ಮನಷ್ಟೇ ಸುಳ್ಳು. ಹೊಂಬಾಳಮ್ಮ ಜರಡಿ ಹಿಡಿದಂತೆ ಯೋಚಿಸಿದಳು. ಅಡುಗೆಮನೆಯೊಳಗೆ ಮುದ್ದಮ್ಮ ಕಾಲಿಟ್ಟವಳೇ ಅಲ್ಲ, ಆದ್ದರಿಂದ ಅದು ಸುಳ್ಳು. ಬಿಸಿಲಲ್ಲಿ ಯಾರೂ ನೆನೆಯುವುದಿಲ್ಲ, ಅದೂ ಸುಳ್ಳು. ಬೇಲಿಯ ಹತ್ತಿರ ಅವಳು ನಿಂತಿರಬಹುದು. ನಿಂತಿಲ್ಲದೆಯೂ ಇರಬಹುದು. ಮೂರು ಸಲವೂ ಜೊತೆಗಿದ್ದದ್ದು ಅದೇ ನೀಲಿ ಬ್ಯಾಗು.

ಬಾಯಿಬಿಟ್ಟು ಹೇಳಿದರೆ ಆಯಿತು. ಒಂದು ಫೋನು ಸಾಕು. ಎಂಟೂವರೆಗೆ ಅವಳು ಮಗನ ಕಡೆ ತಿರುಗಿದಳು.

"ಮಾದೇವು..."

"ಸುಮ್ನೆ ಮನೀಕ ಅವ್ವ. ಊರಲ್ಲಿ ಏನಂತಾವ್ರೆ ಗೊತ್ತಾ? ಸೊಪ್ಪೂ ಇಲ್ಲ ಗಿಪ್ಪೂ ಇಲ್ಲ, ಒಂಬಾಳಮ್ಮಂಗೆ ಯಾರೋ ಮದ್ದಿಕ್ಕವ್ರೆ, ಮಳವಳ್ಳಿ ತಾವು ಮದ್ದು ಕಕ್ಕಿಸೋನೊಬ್ಬ ಅವ್ನೆ, ಕರ್ಕಂಡೋಗು ಅಂತ ಬೆಳಗ್ಗೆಯಿಂದ ಮೂರು ಫೋನು." ಅವನು ದನಿ ತಗ್ಗಿಸಿದ. "ದಿಟ ಏಳು. ಮಂಗಳಾರ ಯಾರ ಕೈಯಿಂದನಾದ್ರೂ ಏನಾದ್ರೂ ಇಸ್ಕಂಡು ತಿಂದ್ಯಾ?"

ಹೊಂಬಾಳಮ್ಮನ ಬಾಯಿ ಮತ್ತೆ ಒಣಗಿತು. ಈ ಸಲ ಅದು ಉಮ್ಮತ್ತಿಯದಲ್ಲ. ಬೇಲಿ, ಬಟ್ಟಲು, ಬೆಲ್ಲ ಎಂದು ಹೇಳಿದರೆ ಊರು ಯಾವ ದಿಕ್ಕಿಗೆ ಬೆರಳು ತೋರಿಸುತ್ತದೆಂದು ಅವಳಿಗೆ ಗೊತ್ತಿತ್ತು. ಡಾಕ್ಟರ ಮಾತು ಯಾರೂ ಕೇಳುವುದಿಲ್ಲ, ಮುದ್ದಮ್ಮನ ಬೆಲ್ಲದಲ್ಲೇ ಮದ್ದಿತ್ತು ಅನ್ನುತ್ತಾರೆ. ಇದು ಒಂದು ಕಾರಣ. ಇದಕ್ಕಿಂತ ಚಿಕ್ಕದಾದ, ನಾಚಿಕೆಯ ಕಾರಣವೂ ಒಂದಿತ್ತು. ಮೂವತ್ತು ವರ್ಷ ಮುಚ್ಚಿಟ್ಟ ಬಟ್ಟಲನ್ನು ವಾರ್ಡಿನ ಹನ್ನೆರಡು ಮಂಚಗಳ ನಡುವೆ ತೆಗೆದು ತೋರಿಸಬೇಕು. ಅದೂ ಆ ಬಟ್ಟಲು ಹೋಗಿಯೇ ಇರದಿದ್ದರೆ?

"ಇಲ್ಲ ಕಣ," ಎಂದಳು. "ಯಾರ್ ತಾವೂ ಏನೂ ಇಸ್ಕಳ್ಳಿಲ್ಲ."

ಕಾಲದೆಸೆಯಲ್ಲಿದ್ದ ಮುದ್ದಮ್ಮ ಅವಳನ್ನೇ ನೋಡುತ್ತಿದ್ದಳು. ಹೊತ್ತೇರಿದಂತೆ ಅವಳ ಸೀರೆಯ ಅಂಚು ಹೋಯಿತು, ಕೈ ಹೋಯಿತು, ಬ್ಯಾಗಿನ ನೀಲಿ ಒಂದಿಷ್ಟು ಹೊತ್ತು ಉಳಿಯಿತು. ಹತ್ತು ಗಂಟೆಗೆ, ಹನ್ನೊಂದಕ್ಕೆ, ನರ್ಸು ಬಂದು ಬಿಪಿ ನೋಡಿ ಹೋದಳು. "ಚೇತರಿಸ್ಕೊಂಡ್ರಿ ಅಜ್ಜಿ," ಎಂದಳು.

ಹನ್ನೊಂದೂಕಾಲಿಗೆ ಸೌಮ್ಯ ಗಂಜಿಯ ಡಬ್ಬಿ ಹಿಡಿದು ಬಂದಳು. ಎರಡು ದಿನ ರಜೆ ಹಾಕಿದ್ದಕ್ಕೆ ಸೂಪರ್‌ವೈಸರ್ ಬೈದದ್ದನ್ನು ಗಂಡನಿಗೆ ಹೇಳುತ್ತ ಅತ್ತೆಯ ಬೆನ್ನ ಹಿಂದೆ ದಿಂಬಿಟ್ಟಳು. ಮಹದೇವು ಟೀ ಕುಡಿಯಲು ಎದ್ದ. ಅವನು ಬಾಗಿಲು ದಾಟುವುದನ್ನೇ ಕಾದಿದ್ದ ಹೊಂಬಾಳಮ್ಮ ಸೊಸೆಯ ಕೈ ಹಿಡಿದಳು.

"ಸೌಮ್ಯ, ಕೊಟ್ಟಿಗೆ ತೊಲೆ ಮೇಲೆ ಒಂದು ಬಟ್ಲಿರ್ತದೆ. ಸ್ಟೀಲ್ದು, ಅಂಚಲ್ಲಿ ಎಸ್ರು ಕೊರ್ಸಿರಾದು. ಅದು ಅದಾ ನೋಡಿದ್ಯಾ?"

"ಎಸ್ರು ಕೊರ್ಸಿರೋ ಬಟ್ಲಾ? ಅದು ಮನೇಲೇ ಅದೆ ಅತ್ತೆ. ಬೆಳಗ್ಗೆ ನಾನೇ ತೊಳ್ದು ಅಡುಗೆಮನೇಲಿ ಇಟ್ಟು ಬಂದೆ."

ಮನೇಲೇ ಅದೆ. ಹೊಂಬಾಳಮ್ಮ ಉಸಿರು ಬಿಟ್ಟಳು. ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಒರಳುಕಲ್ಲು ಇಳಿದಂತಾಯಿತು. ಬಟ್ಟಲು ಮನೆಯಲ್ಲಿದೆಯೆಂದರೆ ಮುದ್ದಮ್ಮನ ಕೈಗೆ ಹೋಗಿಲ್ಲ. ಬೇಲಿಯ ಹತ್ತಿರದ ಮಾತು, ಹೊಸ ಸೀರೆ, ಬೆಳಕವಾಡಿ, ಎಲ್ಲ ಗೋಡೆಯ ಮೇಲಿನ ಇರುವೆಯಂತೆಯೇ. ಅವಳು ಒಂದು ಚಮಚ ಗಂಜಿ ಬಾಯಿಗಿಟ್ಟುಕೊಂಡಳು. ಮೊದಲ ಸಲ ಉಪ್ಪಿನ ರುಚಿ ಹತ್ತಿತು.

"ತೊಲೆ ಮೇಲಿಂದ ನೀನ್ಯಾಕಮ್ಮಿ ಇಳಿಸ್ದೆ?" ಎಂದಳು, ಸುಮ್ಮನೆ ಮಾತಿಗೆ.

"ತೊಲೆ ಮೇಲೆಲ್ಲಿತ್ತು? ಇತ್ತಲಲ್ಲಿ ಹೊಂಗೆ ಮರದ ಕೆಳ್ಗೆ, ಆ ಕಲ್ಲಿನ ಮೇಲೆ ಬಿದ್ದಿತ್ತು. ನೀವೇ ಭ್ರಮೇಲಿ ತಗೊಂಡೋಗಿ ಇಟ್ಟಿರ್ಬೇಕು." ಸೌಮ್ಯ ಡಬ್ಬಿಯ ಮುಚ್ಚಳ ಒರೆಸುತ್ತ ನಕ್ಕಳು. "ಅದ್ರೊಳ್ಗೆ ಒಂದು ಉಂಡೆ ಬೆಲ್ಲ ಬೇರೆ ಆಕಿದ್ರಿ. ಇರುವೆ ಮುತ್ಕಂಡು ಕರ್ರಗಾಗಿತ್ತು, ಕೊಡವಿ ಎಸ್ದೆ."

ಹೊಂಬಾಳಮ್ಮ ಚಮಚ ಕೆಳಗಿಟ್ಟಳು.

ಕೊಟ್ಟ ಬಟ್ಟಲು ಬರಿದಾಗಿ ಬರಬಾರದು. ಮುದ್ದಮ್ಮ ಬಂದಿದ್ದಳು. ಹೊಸ ಸೀರೆ ಉಟ್ಟು, ನೀಲಿ ಬ್ಯಾಗು ಹಿಡಿದು ಬೇಲಿಯ ಹತ್ತಿರ ನಿಂತಿದ್ದಳು. ಸಾರನ್ನು ಡಬ್ಬಿಗೆ ಹೊಯ್ದುಕೊಂಡು, ಬಟ್ಟಲು ತೊಳೆದು, ಬಸ್ಸಿಗೆ ಹೊರಡುವ ಅವಸರದಲ್ಲೂ ಬೆಲ್ಲ ಹುಡುಕಿ ಹಾಕಿ ಕಲ್ಲಿನ ಮೇಲಿಟ್ಟು ಹೋಗಿದ್ದಳು. ಅದು ಮಂಗಳವಾರ. ಇಂದು ಗುರುವಾರ, ಹನ್ನೊಂದೂವರೆ.

"ಮಾದೇವು!" ಎಂದು ಹೊಂಬಾಳಮ್ಮ ಕೂಗಿದ ಕೂಗಿಗೆ ವಾರ್ಡಿನ ಹನ್ನೆರಡು ಮಂಚಗಳೂ ತಿರುಗಿದವು. ಟೀ ಲೋಟ ಹಿಡಿದೇ ಓಡಿಬಂದ ಮಗನಿಗೆ ಅವಳು ಎಲ್ಲರೆದುರೂ ಹೇಳಿದಳು. "ಮುದ್ದಮ್ಮಂಗೆ ಸಾರು ಕೊಟ್ಟಿವ್ನಿ. ನನ್ ಕೈಯಾರ ಕೊಟ್ಟಿವ್ನಿ. ಮಳವಳ್ಳಿ ಬಸ್‌ಸ್ಟ್ಯಾಂಡಲ್ಲಿ ಉಣ್ತೀನಿ ಅಂದ್ಲು."

"ಯಾವ ಮುದ್ದಮ್ಮ? ಆಚೆ ಕೇರಿ ಮುದ್ದಮ್ಮನಾ? ಅವ್ಳಿಗ್ಯಾಕೆ ನೀನು..." ಅವನು ಹೆಂಡತಿಯ ಮುಖ ನೋಡಿದ. "ಇನ್ನೂ ಇಳ್ದಿಲ್ಲ ಕಣೆ, ಡಾಕ್ಟ್ರ ಕರಿ."

"ಇಳ್ದದೆ ಕಣ್ಲಾ! ಮೂವತ್ತು ವರ್ಸದಿಂದ ಕೊಡ್ತಾವ್ನಿ. ಬಟ್ಲ ಕೊಟ್ಟಿಗೇಲಿಟ್ಟಿವ್ನಿ. ಬೆಲ್ಲ ಆಕಿದ್ದು ಅವ್ಳು ಕಣ್ಲಾ, ನಾನಲ್ಲ. ಫೋನ್ ಮಾಡು."

ಮುದ್ದಮ್ಮನ ಮಗ ಶಿವರಾಮು ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ಮಹದೇವುವಿನ ಜೊತೆ ಹೈಸ್ಕೂಲು ಓದಿದವನು. ಮೂರನೆಯ ರಿಂಗಿಗೆ ಎತ್ತಿಕೊಂಡ. ಮಹದೇವು ಸ್ಪೀಕರ್ ಹಾಕಿದ.

"ಏನ್ಲಾ ಮಾದೇವು, ನಿಮ್ಮವ್ವ ಎಂಗವ್ರೆ? ನಮ್ಮವ್ವ ಊರಲ್ಲಿದ್ದಿದ್ರೆ ಇಷ್ಟೊತ್ಗೆ ಆಸ್ಪತ್ರೇಲೇ ಇರೋಳು."

"ಸಿವರಾಮು, ನಿಮ್ಮವ್ವ ಎಲ್ಲವ್ರೆ?"

"ಬೆಳಕವಾಡೀಲಿ, ತಂಗಿ ಮನೇಲಿ. ಮಂಗಳಾರ ಓದ್ಳು. ಯಾಕ್ಲಾ?"

"ಓದ್ಮೇಲೆ ಮಾತಾಡಿದ್ಯಾ?"

"ಇಲ್ಲ, ಅವ್ಳ ಫೋನು ಇಲ್ಲೇ ಚಾರ್ಜಿಗಾಕಿ ಮರ್ತೋಗವ್ಳೆ. ಮಗಳ ತಾವು ಓದ್ರೆ ಅವ್ಳಿಗೆ ನಾನೆಲ್ಲಿ ನೆಪ್ಪಿರ್ತೀನಿ?" ಅವನು ನಗಲು ಹೊರಟು ನಿಲ್ಲಿಸಿದ. "ಯಾಕ್ಲಾ, ಏನಾಯ್ತು?"

"ಅರುಂಧತಿಗೆ ಮಾಡು. ಈಗ್ಲೇ ಮಾಡು. ಮಾಡಿ ನಂಗೇಳು."

ಫೋನು ನಿಂತಿತು. ಮಹದೇವು ಅದನ್ನು ಅಂಗೈಯಲ್ಲಿ ಹಿಡಿದು ನಿಂತ. ಸೌಮ್ಯ ಬಟ್ಟಲು ತೊಳೆದ ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದಳು. ಪಕ್ಕದ ಮಂಚದ ಹೆಂಗಸು, "ಯಾರಂತೆ, ಯಾರು ಉಂಡ್ರಂತೆ?" ಎಂದು ಅತ್ತಲಿನವಳನ್ನು ಕೇಳಿದಳು. ಹೊಂಬಾಳಮ್ಮ ಬಸ್ಸಿನ ದಾರಿಯನ್ನು ಎಣಿಸುತ್ತಿದ್ದಳು. ಮದ್ದೂರು. ಮಳವಳ್ಳಿ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚು. ಮುದ್ದೆ ಮುರಿದು ಸಾರಿಗೆ ಅದ್ದಿದ ಕೈ. ಆಮೇಲೆ ಬೆಳಕವಾಡಿ ಬಸ್ಸು. ಬಸ್ಸು ಬೆಳಕವಾಡಿಯಲ್ಲಿ ನಿಲ್ಲುತ್ತದೆ, ಅಲ್ಲಿಂದ ಮುಂದಕ್ಕೂ ಹೋಗುತ್ತದೆ, ಶಿವನಸಮುದ್ರದ ಕಡೆ, ಹೊಳೆಯ ಕಡೆ. ಇಳಿಯಬೇಕಾದ ಊರು ಯಾವುದೆಂದು ಆ ಹೊತ್ತಿಗೆ ಮುದ್ದಮ್ಮನಿಗೆ ಗೊತ್ತಿತ್ತೆ? ತನ್ನಂತೆಯೇ ಬೆರಳ ತುದಿಯಿಂದ ದಾರ ಬರುತ್ತಿದ್ದವಳಿಗೆ ಯಾರು ಎದುರು ಬಂದರು, ಯಾರು ಕರೆದರು?

ನಾಲ್ಕು ನಿಮಿಷಕ್ಕೆ ಫೋನು ಬಡಿದುಕೊಂಡಿತು. ಮಹದೇವು ಈ ಸಲ ಸ್ಪೀಕರ್ ಹಾಕಲಿಲ್ಲ. ಕಿವಿಗಿಟ್ಟುಕೊಂಡು ಕೇಳಿದ. "ಊಂ," ಎಂದ. ಮತ್ತೆ, "ಊಂ," ಎಂದ. ಫೋನು ಕೆಳಗಿಳಿಸಿ ತಾಯಿಯ ಕಡೆ ನೋಡದೆ ಹೇಳಿದ.

"ಅವ್ರು ಅಲ್ಲಿಗೆ ಓಗೇ ಇಲ್ವಂತೆ. ಬರೋ ಇಸ್ಯವೇ ಅರುಂಧತಿಗೆ ಗೊತ್ತಿಲ್ವಂತೆ."

ಹೊಂಬಾಳಮ್ಮ ಮಂಚದ ಕಾಲದೆಸೆಗೆ ತಿರುಗಿದಳು. ಎರಡು ದಿನ ಅಲ್ಲಿ ಕೂತಿದ್ದವಳನ್ನು ಹೋಗು ಹೋಗು ಎಂದು ಅಟ್ಟಿದ್ದಳು. ಬೂದು ಹೊದಿಕೆ ಒಂದು ಸುಕ್ಕೂ ಇಲ್ಲದೆ ಹಾಸಿತ್ತು. ಅದರ ಹಿಂದೆ ಮಂಚದ ಸರಳುಗಳು ಒಂದೊಂದೂ ನೆಟ್ಟಗೆ ಕಾಣುತ್ತಿದ್ದವು. ವಿಷ ಪೂರಾ ಇಳಿದಿತ್ತು. ಅಲ್ಲಿ ಯಾರೂ ಇರಲಿಲ್ಲ.